ಹೆಸರು ಹೇಳದ ಸಾಕ್ಷಿ

ಆ ಹೆಂಗಸನ್ನು ಕೇಳದೆ ನಾನು ಇದನ್ನು ಬರೆಯುತ್ತಿಲ್ಲ. ಕೇಳುವ ಧೈರ್ಯ ಬರಲು ನನಗೆ ಎಷ್ಟೋ ವರ್ಷ ಬೇಕಾಯಿತು. ಕೇಳಿದಾಗ ಎರಡು ವಿವರ ಬದಲಿಸಲು ಹೇಳಿದಳು, ಬದಲಿಸಿದ್ದೇನೆ. ಯಾವ ಎರಡು ಎಂದು ಹೇಳುವುದಿಲ್ಲ. ಈ ಬುದ್ಧಿ ಆಗಲೇ ಇದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಪುಣೆಯ ಅಂಚಿನ ಹಿಂಜವಾಡಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು ಅವು. ನಾನು ಪುಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಮನೆ ನಿಗಡಿಯಲ್ಲಿತ್ತು. ನಮ್ಮ ಕನ್ನಡ ಚರ್ಚಿನ ಯುವಜನ ಸಂಘವೂ ನನ್ನ ಹೆಗಲಿಗೇ ಬಿದ್ದಿತ್ತು. ಪ್ರತಿ ಮೇ ತಿಂಗಳಲ್ಲಿ ಸಂಘದ ವಿದ್ಯಾರ್ಥಿಗಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗುವುದು ರೂಢಿ. ಹೆಸರಿಗೆ ಸೇವಾ ಪ್ರವಾಸ, ನಿಜದಲ್ಲಿ ತಂಪು ಗಾಳಿಯ ಬೆಟ್ಟಕ್ಕೆ ಹೋಗಿ ನಾಲ್ಕು ಹಾಡು ಹಾಡಿ ಹೊಟ್ಟೆ ತುಂಬ ತಿಂದು ಬರುವುದು. ಆ ವರ್ಷ ನಾನು ಹಟ ಹಿಡಿದೆ. ಹಿಂಜವಾಡಿಯ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುತ್ತಿದ್ದವರು ಯಾದಗಿರಿ, ಕಲಬುರ್ಗಿ ಕಡೆಯ ನಮ್ಮ ಭಾಷೆಯ ಜನ. ಅವರ ತಗಡಿನ ಗುಡಿಸಲುಗಳ ಹತ್ತಿರದ ಹಳ್ಳಿಯ ಸಾಲೆಯಲ್ಲಿ ಎಂಟು ದಿನ ಇದ್ದು ಅವರ ಮಕ್ಕಳ ತೂಕ, ಆರೋಗ್ಯ ನೋಡೋಣ ಎಂದೆ.

ಸಭಾ ಹಿರಿಯರಿಗೆ ಇದು ಹಿಡಿಸಲಿಲ್ಲ. ಹೆಣ್ಣುಮಕ್ಕಳು ಹಳ್ಳಿಯ ಸಾಲೆಯಲ್ಲಿ ಮಲಗುವುದೇ ಎಂದರು. ಒಬ್ಬ ಹಿರಿಯರಂತೂ ಇದರಿಂದ ನಮ್ಮ ಮಕ್ಕಳಿಗೆ ಏನು ಫಲ ಎಂದು ಎಲ್ಲರೆದುರು ಕೇಳಿದರು. ನನಗೆ ಸಿಟ್ಟು ಬೇಗ ಬರುತ್ತದೆ. ಸಾಕ್ಷಿ ಭಾನುವಾರದ ದಿನ ನೀವೇ ಕೇಳುವಿರಂತೆ ಎಂದುಬಿಟ್ಟೆ. ಪ್ರವಾಸದಿಂದ ಬಂದ ಮೇಲಿನ ಭಾನುವಾರ ಒಬ್ಬೊಬ್ಬ ವಿದ್ಯಾರ್ಥಿಯೂ ಸಭೆಯ ಮುಂದೆ ನಿಂತು ದೇವರು ತನಗೆ ಏನು ತೋರಿಸಿದ ಎಂದು ಹೇಳಬೇಕು. ಅದು ನಮ್ಮಲ್ಲಿ ತಪ್ಪದ ಪದ್ಧತಿ. ಆ ಹಿರಿಯರ ಪ್ರಶ್ನೆ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ, ಮುಂದಿನದಕ್ಕೆಲ್ಲ ಅದೇ ಕಾರಣ.

ಅನುಮತಿ ಕೊಡಿಸಿದವರು ಅಲ್ಲಿಯ ಒಂದು ಕಟ್ಟಡದ ಸುಪರ್‌ವೈಸರ್. ನಮ್ಮದೇ ಸಭೆಯವರು, ಎರಡನೆಯ ಸಾಲಿನಲ್ಲಿ ಕೂರುವವರು. ಅಲ್ಲಿ ಪ್ರಾರ್ಥನೆ ಮಾಡಿಸಬಾರದು, ಕರಪತ್ರ ಹಂಚಬಾರದು, ಔಷಧದ ಮಾತು ಬಿಟ್ಟು ಬೇರೆ ಮಾತು ಬೇಡ ಎಂದು ಕರಾರು ಹಾಕಿದರು. ನ್ಯಾಯವಾದ ಕರಾರು ಎಂದು ಒಪ್ಪಿದೆವು.

ಹನ್ನೊಂದು ವಿದ್ಯಾರ್ಥಿಗಳು, ಜೊತೆಗೆ ನಾನು ಮತ್ತು ಒಬ್ಬ ಶಿಕ್ಷಕಿ. ಬಿದಿರಿನ ಗಳಕ್ಕೆ ಕೊಕ್ಕೆಯ ತಕ್ಕಡಿ ಕಟ್ಟಿದೆವು. ಅದಕ್ಕೆ ಬಟ್ಟೆಯ ಜೋಳಿಗೆ ಸಿಕ್ಕಿಸಿ, ಮುಳ್ಳನ್ನು ಸೊನ್ನೆಗೆ ತಂದು, ಆಮೇಲೆ ಮಗುವನ್ನು ಕೂರಿಸಬೇಕು. ಮೊದಲ ದಿನ ನಮ್ಮ ಜಾಣರು ಜೋಳಿಗೆ ಸಿಕ್ಕಿಸುವ ಮೊದಲೇ ಸೊನ್ನೆ ಮಾಡಿ, ಎಲ್ಲ ಮಕ್ಕಳಿಗೂ ಜೋಳಿಗೆಯ ತೂಕ ಸೇರಿಸಿ ಬರೆದಿದ್ದರು. ಮರುದಿನ ಮನೆಮನೆಗೆ ಹೋಗಿ ಮತ್ತೆ ಕರೆಯಬೇಕಾಯಿತು. ತಾಯಂದಿರು, ಒಂದೇ ದಿನಕ್ಕೆ ನಮ್ಮ ಕೂಸು ಸೊರಗಿತೇನು ಎಂದು ನಕ್ಕರು. ತೂಕವಾದ ಮೇಲೆ ಎಡದೋಳಿನ ನಡುವೆ ಅಳತೆಪಟ್ಟಿ ಸುತ್ತುವುದು. ಹಸಿರು ಬಂದರೆ ಸರಿ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಮಗುವಿಗೆ ಊಟ ಸಾಲುತ್ತಿಲ್ಲ. ಕೊನೆಗೆ ಮಗುವಿನ ಹೆಸರಿನ ಹಳದಿ ಕಾರ್ಡು ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುವುದು.

ಮೊದಲೆರಡು ದಿನ ನಮ್ಮವರು ಮಕ್ಕಳನ್ನು ಮುಟ್ಟಿದ ಕೂಡಲೆ ಸಾಬೂನಿಗೆ ಓಡುತ್ತಿದ್ದರು. ನಾಲ್ಕನೆಯ ದಿನಕ್ಕೆ ಸಿಂಬಳ ಸುರಿಸುವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಕೈಯಲ್ಲಿ ರೊಟ್ಟಿ ತಿನ್ನುವ ಹಾಗಾದರು. ಅವರು ಬದಲಾದದ್ದು ನಿಜ. ಅದನ್ನು ಸುಳ್ಳು ಎನ್ನಲಾರೆ.

ಹನ್ನೊಂದನೆಯ ತರಗತಿಯ ಒಬ್ಬ ಹುಡುಗಿಗೆ ರಿಜಿಸ್ಟರ್ ಬರೆಯುವ ಕೆಲಸ ಕೊಟ್ಟಿದ್ದೆ. ಅಕ್ಷರ ದುಂಡಗೆ, ಮಾತು ಕಡಿಮೆ. ಐದನೆಯ ದಿನ ಒಬ್ಬ ಹೆಂಗಸು ಅವಳಿ ಹೆಣ್ಣುಮಕ್ಕಳನ್ನು ತಂದಳು. ಒಂದಕ್ಕೆ ಪಟ್ಟಿ ಕೆಂಪು ತೋರಿಸಿತು. ಮನೆಯಲ್ಲಿ ಯಾರಿಗಾದರೂ ತುಂಬ ದಿನದ ಕೆಮ್ಮು ಇದೆಯೇ ಎಂದು ನಾನು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ. ಅವಳು ಹಿಂದೆ ಮುಂದೆ ನೋಡಿ ಸೊಂಟದ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಎಲೆಯ ಕೆಳಗೆ ಗುಳಿಗೆಯ ಪಟ್ಟಿ ಇತ್ತು. ನೋಡಿದ ಕೂಡಲೆ ಗೊತ್ತಾಯಿತು, ಕ್ಷಯದ ಗುಳಿಗೆ.

ಸರ್ಕಾರಿ ಕ್ಷಯ ಕೇಂದ್ರದಲ್ಲಿ ಹೊಸ ರೋಗಿಯ ಹೆಸರಿನಲ್ಲಿ ಆರು ತಿಂಗಳ ಔಷಧದ ಕೆಂಪು ಪೆಟ್ಟಿಗೆ ತೆಗೆದಿಡುತ್ತಾರೆ. ಮೊದಲ ಎರಡು ತಿಂಗಳು ದಿನ ಬಿಟ್ಟು ದಿನ ಅವರ ಕಣ್ಣೆದುರೇ ನುಂಗಬೇಕು, ಆಮೇಲೆ ವಾರಕ್ಕೊಂದು ಪಟ್ಟಿ ಮನೆಗೆ ಕೊಡುತ್ತಾರೆ. ಇವಳಿಗೆ ನಾಲ್ಕನೆಯ ತಿಂಗಳು. ಕಫ ಶುದ್ಧವಾಗಿತ್ತು, ಅವಳಿಂದ ಬೇರೆಯವರಿಗೆ ಹರಡುವ ಹೆದರಿಕೆ ಇರಲಿಲ್ಲ. ಸಂತೆಗೆ ಹೋಗುತ್ತೇನೆಂದು ಹೇಳಿ ಕೇಂದ್ರಕ್ಕೆ ಹೋಗಿ ಬರುತ್ತಿದ್ದಳು. ಅವರನ್ನು ಊರಿಂದ ಕರೆತಂದ ಮುಕಾದಮ ಕೆಲಸಕ್ಕೆ ಇಟ್ಟುಕೊಳ್ಳುವುದು ಗಂಡ ಹೆಂಡತಿಯ ಜೋಡಿಯನ್ನು. ಒಬ್ಬರು ಕೆಲಸಕ್ಕೆ ಬಾರದವರಾದರೆ ಇಬ್ಬರೂ ಹೊರಗೆ.

"ಮುಕಾದಮಗ ಗೊತ್ತಾದ್ರ ಜೋಡಿನೇ ಹೊರಗ ಹಾಕ್ತಾನ್ರೀ ಅಕ್ಕೋರ. ನನ್ನ ಗಂಡಗ ಬಿಟ್ರ ಇಲ್ಲಿ ಯಾರಿಗೂ ಗೊತ್ತಿಲ್ಲ" ಎಂದಳು.

ಇದನ್ನು ಬರೆಯಬೇಡ ಎಂದು ಹುಡುಗಿಗೆ ಹೇಳಿದೆ. ಅವಳು ಪೆನ್ನಿನ ಮುಚ್ಚಳ ಹಾಕಿ ಕೈ ಕಟ್ಟಿ ಕೂತಳು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಕೆಲಸ ಮಾಡಿ ಒಬ್ಬ ರೋಗಿಯ ಮಾತನ್ನೂ ನಾನು ಲಿಫ್ಟಿನಲ್ಲಿ ಸಹ ಆಡಿದವಳಲ್ಲ. ಆ ವಿಷಯದಲ್ಲಿ ನನಗೆ ಜಂಬವೇ ಇತ್ತು.

ನಿಗಡಿಗೆ ಮರಳಿದ ಮೇಲೆ, ಶನಿವಾರ ನಮ್ಮ ಮನೆಯಲ್ಲಿ ಸಾಕ್ಷಿಯ ತಾಲೀಮು ಇಟ್ಟೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಈ ಹುಡುಗಿ ಎದ್ದು ಎಷ್ಟು ಮಕ್ಕಳನ್ನು ತೂಗಿದೆವು, ಎಷ್ಟು ಮಕ್ಕಳಿಗೆ ಕೆಂಪು ಬಂತು ಎಂದು ಒಪ್ಪಿಸಿ ಕೂತಳು. ಸಪ್ಪೆ ಸಾರು. ಫಲ ಏನು ಎಂದು ಕೇಳಿದ ಹಿರಿಯರ ಮುಖ ನನ್ನ ಕಣ್ಣ ಮುಂದೆ ಬಂತು. ಆ ಅಕ್ಕನ ಮಾತು ಹೇಳು, ಹೆಸರು ಮಾತ್ರ ಬೇಡ ಎಂದೆ.

"ಆಂಟಿ, ಬರೀಬ್ಯಾಡ ಅಂದಿದ್ರಲ್ಲ?"

"ಬರೀಬ್ಯಾಡ ಅಂದಿದ್ದೆ. ಇದು ಸಾಕ್ಷಿ. ದೇವರ ಮುಂದ ಹೇಳೋದು."

ಅಷ್ಟಕ್ಕೇ ಬಿಡಲಿಲ್ಲ. ಕಾಗದ ತೆಗೆದುಕೊಂಡು ನಾನೇ ಬರೆದುಕೊಟ್ಟೆ. ಎರಡು ಕೂಸುಗಳನ್ನು ಎರಡು ಕಂಕುಳಲ್ಲಿ ಎತ್ತಿಕೊಂಡು ಬಂದ ತಾಯಿ, ಎಲೆಯ ಚೀಲದಲ್ಲಿ ಬಚ್ಚಿಟ್ಟ ಗುಳಿಗೆ, ಯಾರಿಗೂ ಹೇಳದೆ ಒಬ್ಬಳೇ ಹೊತ್ತ ಭಾರ. ಎಲ್ಲಿ ಸ್ವಲ್ಪ ನಿಲ್ಲಿಸಿ ಮುಂದೆ ಹೇಳಬೇಕು ಎಂಬುದನ್ನೂ ಕಲಿಸಿದೆ. ಹೆಸರು ತೆಗೆದರೆ ಮುಗಿಯಿತು ಎಂದು ತಿಳಿದಿದ್ದ ನನ್ನ ಜಾಣತನಕ್ಕೆ ಏನೆನ್ನಲಿ!

ಭಾನುವಾರ ಆ ಹುಡುಗಿ ಮಾತಾಡುವಾಗ ಚರ್ಚಿನಲ್ಲಿ ಕೆಮ್ಮಿನ ಸದ್ದೂ ಇರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆರಾಧನೆ ಮುಗಿದ ಮೇಲೆ ಆ ಹಿರಿಯರು ನನ್ನ ಹತ್ತಿರ ಬಂದು, ತಪ್ಪು ತಿಳಿದಿದ್ದೆ ಎಂದರು. ಹುಡುಗಿಯ ಮುಖ ಅರಳಿತ್ತು, ನಿಮ್ಮ ಹಾಗೆ ನರ್ಸ್ ಆಗುತ್ತೇನೆ ಆಂಟಿ ಎಂದಳು. ಆ ದಿನ ನನಗಾದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಬುಧವಾರ ಶೇಂಗಾ ಬೆಲ್ಲದ ಪುಡಿ ಮಾಡಿಕೊಂಡು ಕೆಂಪು ಬಂದ ಮಕ್ಕಳಿಗೆ ಕೊಡಲು ಹೋದೆ. ಅವಳಿ ಮಕ್ಕಳಿದ್ದ ಗುಡಿಸಲಲ್ಲಿ ಬೇರೆ ಸಂಸಾರ ಇತ್ತು. ಪಕ್ಕದ ಹೆಂಗಸು, ಸೋಮವಾರ ಬೆಳಿಗ್ಗೆಯೇ ಅವರನ್ನು ಕಳಿಸಿದರು, ಅವಳಿಗೆ ದೊಡ್ಡ ಬೇನೆ ಇತ್ತಂತೆ, ಯಾರೋ ಚರ್ಚಿನಲ್ಲಿ ಹೇಳಿದರಂತೆ ಎಂದಳು. ನನ್ನನ್ನು ನೋಡಿ ಹೇಳಲಿಲ್ಲ, ಅಕ್ಕಿ ಆರಿಸುತ್ತಾ ಹೇಳಿದಳು. ಪುಡಿಯ ಡಬ್ಬಿಯನ್ನು ಅವಳ ಪಕ್ಕದಲ್ಲಿಟ್ಟು ತಿರುಗಿ ನಡೆದೆ.

ಸೀದಾ ಸುಪರ್‌ವೈಸರ್ ಆಫೀಸಿಗೆ ಹೋದೆ. ಜಗಳ ಆಡಬೇಕೆಂದೇ ಹೋಗಿದ್ದೆ. ಅವಳಿ ಮಕ್ಕಳ ತಾಯಿ ಆ ಇಡೀ ಸೈಟಿನಲ್ಲಿ ಒಬ್ಬಳೇ ಇದ್ದಳು, ಅವರಿಗೆ ಗುರುತು ಹಿಡಿಯಲು ಹೆಸರು ಬೇಕಿರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಅವಳನ್ನು ದವಾಖಾನೆಗೆ ತೋರಿಸು ಎಂದು ಮುಕಾದಮನಿಗೆ ಹೇಳಿದ್ದರಂತೆ. ಅವನು ತೋರಿಸುವ ಗೋಜಿಗೇ ಹೋಗದೆ ಜೋಡಿಯನ್ನು ಬಿಡಿಸಿ ಕಳಿಸಿದ್ದ.

"ಇಲ್ಲಿ ಅಷ್ಟೂ ಮಕ್ಕಳು ಒಂದೇ ಕಡೆ ಮಲಗ್ತಾವ್ರೀ ಸಿಸ್ಟರ್, ನನಗ ಹೆದರಿಕಿ ಆತು" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನೀವು ದೇವರ ಮುಂದ ಹೇಳಿದ್ರಿ, ನಾ ಮುಕಾದಮನ ಮುಂದ ಹೇಳೀನಿ. ಹೇಳಬ್ಯಾಡ ಅಂತ ನನಗ ಯಾರು ಅಂದಿದ್ರು?" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಆಡಿದ್ದೂ ಅಲ್ಲ, ಒಂದು ಮಗುವಿನ ಬಾಯಿಂದ ಆಡಿಸಿದ್ದೆ.

ಕ್ಷಯ ಕೇಂದ್ರಕ್ಕೆ ಹೋದೆ. ಅಲ್ಲಿಯ ಕಾರ್ಯಕರ್ತೆ ಕಪಾಟು ತೆಗೆದು ಕೆಂಪು ಪೆಟ್ಟಿಗೆ ತೋರಿಸಿದಳು. ಮುಚ್ಚಳದ ಮೇಲೆ ಅವಳಿ ಮಕ್ಕಳ ತಾಯಿಯ ಹೆಸರು, ಒಳಗೆ ಉಳಿದ ಪಟ್ಟಿಗಳು. ವಿಳಾಸದ ಜಾಗದಲ್ಲಿ ಆ ಸೈಟಿನ ಹೆಸರೊಂದೇ ಇತ್ತು. ಊರು ಬಿಡುವುದು ಮೊದಲೇ ಗೊತ್ತಿದ್ದರೆ ವರ್ಗಾವಣೆಯ ಚೀಟಿ ಬರೆದು ಬೇರೆ ಕೇಂದ್ರಕ್ಕೆ ಕಳಿಸುತ್ತಿದ್ದೆವು ಎಂದಳು. ನಡೆದದ್ದನ್ನು ಹೇಳಿದೆ. "ತುಮ್ಹೀ ನರ್ಸ್ ಆಹಾತ್ ನಾ?" ಎಂದು ಮರಾಠಿಯಲ್ಲಿ ಕೇಳಿದಳು. ನೀವು ನರ್ಸ್ ಅಲ್ಲವೇ ಎಂದು ಅಷ್ಟೇ, ಬೈಯಲಿಲ್ಲ.

ಈ ಔಷಧ ನಡುವೆ ನಿಂತರೆ ಬೇನೆ ತಿರುಗಿ ಬರುತ್ತದೆ, ಮೊದಲಿಗಿಂತ ಜೋರಾಗಿ ಬರುತ್ತದೆ. ಎರಡು ತಿಂಗಳು ದಾಟಿತೆಂದರೆ ಮತ್ತೆ ಮೊದಲಿನಿಂದ, ಅದೂ ಇಂಜೆಕ್ಷನ್ ಸಮೇತ. ಇದು ನನಗೆ ಪಾಠದಂತೆ ಬಾಯಿಗೆ ಬರುತ್ತಿತ್ತು. ಅದಕ್ಕೇ ಪಾಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿ, ಅವರು ಪ್ರಾರ್ಥನೆ ಮಾಡಿ ದೇವರು ನಿಮ್ಮನ್ನು ಕ್ಷಮಿಸಿದ್ದಾನೆ, ಸಮಾಧಾನದಿಂದ ಹೋಗಿ ಎಂದಾಗ ನನಗೆ ಸಮಾಧಾನದ ಬದಲು ಸಿಟ್ಟು ಬಂತು.

"ದೇವರು ಕ್ಷಮಿಸ್ಯಾನ ಅಂದ್ರ ಭಾಳ ಚಲೋ ಆತ್ರಿ ಅಯ್ಯನೋರ. ಆದ್ರ ಆಕಿ ಗುಳಿಗಿ ನಿಂತು ಹನ್ನೆರಡು ದಿನ ಆತು" ಎಂದು ಎದ್ದು ಬಂದೆ.

ಹುಡುಗಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಅಳಲಿಲ್ಲ. "ಆಂಟಿ, ನಾ ಬ್ಯಾಡ ಅಂದಿದ್ದೆ" ಎಂದಳು. ಎರಡು ವಾರ ಚರ್ಚಿಗೆ ಬರಲಿಲ್ಲ. ಮೂರನೆಯ ಭಾನುವಾರ ಬೆಳಿಗ್ಗೆ ನಾನು ಆರಾಧನೆಗೆ ಹೊರಡುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ರಿಜಿಸ್ಟರ್ ಇತ್ತು. ಎಲ್ಲಿ ಹುಡುಕೋಣ ಎಂದು ಕೇಳಿದಳು.

ನನಗೆ ರಜೆ ಸಿಗುವುದು ಭಾನುವಾರ ಒಂದೇ. ಬಾಣಂತನ ಬಿಟ್ಟರೆ ಒಂದು ಆರಾಧನೆಯನ್ನೂ ತಪ್ಪಿಸಿದವಳಲ್ಲ. ಬೈಬಲನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದೆ. ಆ ತಾಯಿ ಸಿಗುವವರೆಗೆ ಭಾನುವಾರ ಚರ್ಚಿಗೆ ಹೋಗುವುದಿಲ್ಲ ಎಂದು ಆ ಹೊಸ್ತಿಲಲ್ಲೇ ನಿರ್ಧರಿಸಿದೆ. ಸಿಸ್ಟರ್‌ಗೆ ವಿಶ್ವಾಸ ಕಡಿಮೆಯಾಗಿದೆ ಎಂದು ಸಭೆಯಲ್ಲಿ ಮಾತಾಯಿತು. ಆಗಲಿ ಎಂದುಕೊಂಡೆ.

ಹುಡುಕುವುದರಲ್ಲೂ ಒಂದು ತೊಡಕಿತ್ತು. ಬೇನೆಯ ಹೆಂಗಸು ಎಂದು ಕೇಳಿದರೆ ಅವಳು ಹೋದ ಕಡೆಯೆಲ್ಲ ಮತ್ತೆ ನಾವೇ ಡಂಗುರ ಸಾರಿದ ಹಾಗೆ. ಹುಡುಗಿ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಬರೆದಳು: ಕೇಳುವುದು ಮಕ್ಕಳ ಬಗ್ಗೆ ಮಾತ್ರ. ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ಕಾಯುತ್ತ ನಿಲ್ಲುವ ನಾಕಾಗಳಲ್ಲಿ, ಹೊಸ ಕಟ್ಟಡಗಳ ಹಿಂದಿನ ತಗಡುಗಳಲ್ಲಿ, ಅವಳಿ ಹೆಣ್ಣುಮಕ್ಕಳ ಕಾರ್ಡಿನಲ್ಲಿ ಲಸಿಕೆ ಬರೆಯುವುದಿದೆ, ನೋಡಿದ್ದೀರಾ ಎಂದು ಕೇಳುತ್ತ ಹೋದೆವು. ಎರಡು ಸಲ ಬೇರೆಯವರ ಅವಳಿ ಮಕ್ಕಳು ಸಿಕ್ಕವು. ಒಂದು ಸಲ ಕಾವಲುಗಾರ ನಾಯಿ ಬಿಟ್ಟ. ಪ್ರತಿ ವಾರ ಸಂಜೆ ಮನೆಗೆ ಬಂದು ಔಷಧ ನಿಂತು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಅರವತ್ತು ದಾಟಿದ ವಾರ ಊಟ ಸೇರಲಿಲ್ಲ.

ಹತ್ತನೆಯ ಭಾನುವಾರ, ಪುಣೆಯ ಇನ್ನೊಂದು ಬದಿಯ ಬಿಬವೇವಾಡಿಯಲ್ಲಿ ಸಿಕ್ಕಳು. ಅರ್ಧ ಎದ್ದ ಕಟ್ಟಡದ ಹಿಂದೆ ಕೂತು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಕತ್ತಿನ ಎಲುಬುಗಳು ಎದ್ದು ಕಾಣುತ್ತಿದ್ದವು. ನಮ್ಮನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಕೆಮ್ಮು ಬಂದದ್ದಕ್ಕೋ ಹೆದರಿದ್ದಕ್ಕೋ ತಿಳಿಯಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹತ್ತಿರ ಕೂತು ಎಲ್ಲ ಹೇಳಿದೆ. ಈ ಹುಡುಗಿಯ ತಪ್ಪಲ್ಲ, ಬರೆದುಕೊಟ್ಟು ಹೇಳಿಸಿದವಳು ನಾನು ಎಂದೆ.

ಅವಳು ಪಾತ್ರೆ ತಿಕ್ಕಿ ಮುಗಿಸಿದಳು. ಕೈ ತೊಳೆದುಕೊಂಡು ಒಳಗೆ ಹೋಗಿ ಎರಡು ಹಳದಿ ಕಾರ್ಡು ತಂದಳು. ಪ್ಲಾಸ್ಟಿಕ್ ಕವರಿನ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ಕಾರ್ಡ ಇಟ್ಟೀನ್ರಿ. ನಿಮ್ಮ ಮ್ಯಾಲಿನ ಸಿಟ್ಟು ಮಕ್ಕಳ ಕಾರ್ಡಿನ ಮ್ಯಾಲ ಯಾಕ ತೀರಿಸ್ಲಿ" ಎಂದಳು. ಅವಳು ಬೈದಿದ್ದರೆ ಸುಲಭವಿತ್ತು.

ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂದು ಈ ಸಲ ಮೊದಲು ಅವಳನ್ನೇ ಕೇಳಿದೆ. ಬೆರಳು ಮಡಚಿ ಎಣಿಸಿದಳು. ಗಂಡ, ನಾವಿಬ್ಬರು, ಔಷಧ ಕೊಡುವವರು, ಅಷ್ಟೇ. ಕಫದ ಪರೀಕ್ಷೆ ಮಾಡಿಸಿದೆವು, ಬೇನೆ ತಿರುಗಿ ಬಂದಿತ್ತು. ಈ ಸಲ ನೀಲಿ ಪೆಟ್ಟಿಗೆ. ಎಂಟು ತಿಂಗಳ ಗುಳಿಗೆ, ಅದರಲ್ಲಿ ಮೊದಲ ಎರಡು ತಿಂಗಳು ವಾರಕ್ಕೆ ಮೂರು ಇಂಜೆಕ್ಷನ್, ಒಟ್ಟು ಇಪ್ಪತ್ತನಾಲ್ಕು. ದವಾಖಾನೆ ತೆಗೆಯುವ ಹೊತ್ತಿಗೆ ಅವಳ ಕೆಲಸ ಶುರುವಾಗಿರುತ್ತಿತ್ತು. ಡಾಕ್ಟರರ ಅನುಮತಿ ಪಡೆದು ನಾನೇ ಕೊಡುತ್ತೇನೆಂದೆ. ಎಲ್ಲಿ ಎಂಬುದನ್ನು ಅವಳೇ ಆರಿಸಿದಳು. ಅಲ್ಲೊಂದು ವಿಜಾಪುರ ಕಡೆಯವರ ಕಿರಾಣಿ ಅಂಗಡಿ ಇತ್ತು, ಬೆಳಿಗ್ಗೆ ಆರಕ್ಕೆ ತೆಗೆಯುತ್ತಿತ್ತು. ಅಂಗಡಿಯವರ ಹೆಂಡತಿ ಏನನ್ನೂ ಕೇಳುವವಳಲ್ಲ ಎಂದಳು. ನಿಜ, ಹಿಂದಿನ ಕೋಣೆ ತೆಗೆದುಕೊಟ್ಟ ಆ ತಾಯಿ ಕೊನೆಯವರೆಗೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಾನು ಎರಡು ತಿಂಗಳು ಮಧ್ಯಾಹ್ನದ ಪಾಳಿ ಕೇಳಿ ಪಡೆದೆ. ಸೋಮವಾರ, ಬುಧವಾರ, ಶುಕ್ರವಾರ ನಿಗಡಿಯಿಂದ ಮೊದಲ ಬಸ್ಸು ಹಿಡಿದು, ಇನ್ನೊಂದು ಬಸ್ಸು ಬದಲಿಸಿ ಹೋಗುತ್ತಿದ್ದೆ. ಸೀಸೆಯ ಪುಡಿಗೆ ನೀರು ಹಾಕಿ, ಗಂಟು ಉಳಿಯದ ಹಾಗೆ ಅಂಗೈಯಲ್ಲಿ ಉರುಳಿಸಿ, ಒಂದು ಸಲ ಎಡಗಡೆ ಒಂದು ಸಲ ಬಲಗಡೆ ಚುಚ್ಚುವುದು. ಆ ಇಂಜೆಕ್ಷನ್ನಿನ ನೋವು ಸುಮಾರಿನದಲ್ಲ. ಅವಳು ಗೋಡೆ ಹಿಡಿದು ನಿಂತು, ಆಮೇಲೆ ಹಾಗೇ ಕುಂಟುತ್ತ ಬುಟ್ಟಿ ಹೊರಲು ಹೋಗುತ್ತಿದ್ದಳು. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ಹದಿನೆಂಟೋ ಹತ್ತೊಂಬತ್ತೋ ಇಂಜೆಕ್ಷನ್ ಆದಾಗ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದಳು. ಆ ಔಷಧಕ್ಕೆ ಆ ದೋಷ ಇರುವುದು ನನಗೆ ಗೊತ್ತಿತ್ತು, ಪ್ರತಿ ವಾರ ಕೇಳುತ್ತಲೂ ಇದ್ದೆ. ಮುಂಚೆಯೇ ಶುರುವಾಗಿತ್ತಂತೆ, ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆಂದು ಹೆದರಿ ಹೇಳಿರಲಿಲ್ಲ. ಒಮ್ಮೆ ಔಷಧ ನಿಂತು ಏನಾಯಿತು ಎಂದು ಅವಳು ನೋಡಿದ್ದಳಲ್ಲ. ಡಾಕ್ಟರು ಇಂಜೆಕ್ಷನ್ ಅಲ್ಲಿಗೇ ನಿಲ್ಲಿಸಿ ಗುಳಿಗೆ ಮುಂದುವರಿಸಿದರು. ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ ಉಳಿಯಿತು. ಚುಚ್ಚಿದ ಕೈ ನನ್ನದು. ಚುಚ್ಚುವ ಹಾಗೆ ಮಾಡಿದ ಬಾಯಿಯೂ ನನ್ನದೇ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಪ್ರವಾಸ, ಮತ್ತೆ ಸಾಕ್ಷಿ ಭಾನುವಾರ ಬಂತು. ಹೇಗೋ ಸುದ್ದಿ ತಿಳಿದ ಪಾಸ್ಟರ್, ಕಳೆದುಹೋದ ಕುರಿ ಸಿಕ್ಕ ಕಥೆಯಂತೆ ಇದೆ, ನೀವು ಹೇಳಲೇಬೇಕು ಎಂದು ಒತ್ತಾಯ ಮಾಡಿದರು. ಆಗುವುದಿಲ್ಲ ಎಂದೆ. ಸರದಿ ಬಂದಾಗ ಹುಡುಗಿ ಎದ್ದು ನಿಂತಳು. "ಹೋದ ವರ್ಷ ನಾ ಹೇಳಿದ್ದು ನಂದಲ್ಲದ ಮಾತು. ಈ ವರ್ಷ ನಂದು ಹೇಳೋದು ಏನಿಲ್ರಿ" ಎಂದು ಕೂತಳು. ಎರಡನೆಯ ಸಾಲಿನಲ್ಲಿ ಸುಪರ್‌ವೈಸರ್ ತಲೆ ತಗ್ಗಿಸಿದರು. ಮುಂದೆ ಅವಳು ನರ್ಸ್ ಆಗಲಿಲ್ಲ, ಕಾಮರ್ಸ್ ಓದಿದಳು. ಯಾಕೆ ಎಂದು ನಾನು ಕೇಳಲಿಲ್ಲ.

ಅದೇ ತಿಂಗಳು ನೀಲಿ ಪೆಟ್ಟಿಗೆ ಖಾಲಿಯಾಗುತ್ತ ಬಂತು. ಕಫ ಶುದ್ಧ ಎಂದು ಚೀಟಿ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿ ಮಕ್ಕಳ ತಾಯಿ ಕೊನೆಯ ಗುಳಿಗೆಗಳನ್ನು ನನ್ನೆದುರೇ ನುಂಗಿ ನೀರು ಕುಡಿದಳು. ಹೊರಡುವಾಗ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದಳು.

"ನಿಮ್ಮ ಚರ್ಚಿನ್ಯಾಗ ಹೇಳೀರೇನ್ರಿ, ನಾ ಆರಾಮ ಆದದ್ದು?"

ಇಲ್ಲ ಎಂದು ತಲೆಯಾಡಿಸಿದೆ.

"ಹೇಳಬ್ಯಾಡ್ರಿ. ಬ್ಯಾನಿ ನಂದಿತ್ತು. ಆರಾಮ ಆದದ್ದೂ ನಂದೇ ಅದ."

ಯಾರಿಗೂ ಹೇಳುವುದಿಲ್ಲ ಎಂದು ಮೆಲ್ಲಗೆ ಹೇಳಿದೆ. ಅವಳು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಏನಂದ್ರಿ ಎಂದಳು. ಇನ್ನೊಮ್ಮೆ ಹೇಳಿದೆ. ಕೇಳಿಸಲಿಲ್ಲ. ಮೂರನೆಯ ಸಲ ಗಂಟಲೆತ್ತಿ ಹೇಳಬೇಕಾಯಿತು.

"ಯಾರಿಗೂ ಹೇಳೂದಿಲ್ಲವಾ!"

ಸಕ್ಕರೆ ತೂಗುತ್ತಿದ್ದ ಅಂಗಡಿಯವರೂ, ಕೊಳ್ಳಲು ನಿಂತಿದ್ದ ಇಬ್ಬರೂ ತಿರುಗಿ ನಮ್ಮನ್ನೇ ನೋಡಿದರು.